ಶನಿವಾರದ ಚರ್ಚೆಗೆ ಮೊದಲು ಇದನ್ನು ನೋಡಿ ಬನ್ನಿ

ಎಲ್ಲರಿಗೂ ನಮಸ್ಕಾರ. ನಮ್ಮ ಆ್ಯಪ್‌ನ ಸ್ಕ್ರೀನ್ ಬರೆಯುವ ಮೊದಲು ಕನ್ನಡ ವಿಕಿಸೋರ್ಸ್‌ನಲ್ಲಿ (ಹಳೇ ಪುಸ್ತಕಗಳ ಪಠ್ಯವನ್ನು ಎಲ್ಲರೂ ಸೇರಿ ತಿದ್ದುವ ಜಾಲತಾಣ) ಒಂದು ಪುಟವಾದರೂ ತಿದ್ದಿ ನೋಡಿ. ಒಂದು ಕಡೆ ಹಳೇ ಪುಸ್ತಕದ ಸ್ಕ್ಯಾನ್, ಪಕ್ಕದಲ್ಲೇ ತಿದ್ದುವ ಜಾಗ. ಪುಟಗಳ ಪಟ್ಟಿಯಲ್ಲಿ ಬಣ್ಣವೇ ಎಲ್ಲ ಹೇಳುತ್ತದೆ. ಕೆಂಪು ಅಂದರೆ ಇನ್ನೂ ತಿದ್ದಿಲ್ಲ. ಹಳದಿ ಅಂದರೆ ಒಬ್ಬರು ತಿದ್ದಿದ್ದಾರೆ. ಹಸಿರು ಅಂದರೆ ಇನ್ನೊಬ್ಬರೂ ನೋಡಿ ಒಪ್ಪಿದ್ದಾರೆ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಒಂದು ಪುಟವನ್ನು ಹಳದಿ ಮಾಡಿದವರಿಗೆ ಅದೇ ಪುಟದಲ್ಲಿ ಹಸಿರಿನ ಬಟನ್ನೇ ಕಾಣಿಸುವುದಿಲ್ಲ! ‘ನಿಮ್ಮದನ್ನು ನೀವೇ ಒಪ್ಪಬೇಡಿ’ ಅಂತ ಸುಮ್ನೆ ನಿಯಮ ಓದಿಸುವ ಗೋಜೇ ಇಲ್ಲ, ಅಲ್ವಾ?

ಆದರೆ ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಬರೀ ಬಣ್ಣ ಸಾಲದು. ನಮ್ಮದರಲ್ಲಿ ಜೊತೆಗೆ ಒಂದು ಚಿಹ್ನೆಯೂ ಇರಲಿ. ಫೋನಿನಲ್ಲೂ ತೆರೆದು ನೋಡಿ. ಕಂಡದ್ದನ್ನು ಶುಕ್ರವಾರ ರಾತ್ರಿಯೊಳಗೆ ಸ್ಕ್ರೀನ್‌ಶಾಟ್ ಸಮೇತ ಇಲ್ಲೇ ಹಾಕಿ. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಅಲ್ಲಿಯವರೆಗೆ ರಜೆ.