ಭಾನುವಾರದ ದರ್ಜೆ ಅಭ್ಯಾಸ: ಕಾಸುಗಳನ್ನು ತರುವವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಎಂದಿನ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳ ಸವೆತ, ಸ್ಥಿತಿ ನೋಡಿ ದರ್ಜೆ ನಿರ್ಧರಿಸುವ ಅಭ್ಯಾಸ ನಡೆಯಲಿದ್ದು, ಅಂಥ ಕಾಸುಗಳಿರುವವರು ತಪ್ಪದೆ ತರಬೇಕೆಂದು ಕೋರುತ್ತೇನೆ. ದಯವಿಟ್ಟು ಅವನ್ನು ಹುಣಸೆಹಣ್ಣು, ನಿಂಬೆರಸ ಹಾಕಿ ಉಜ್ಜಬೇಡಿ. ಒಂದೂವರೆ ಶತಮಾನಕ್ಕೂ ಮೀರಿ ಕೂತ ಕಂದು ಪದರ ಒಮ್ಮೆ ಹೋದರೆ ಮರಳಿ ಬರುವುದಿಲ್ಲ, ದರ್ಜೆಯೂ ಇಳಿಯುತ್ತದೆ.

ಮೃದುವಾದ ಪಿವಿಸಿ ಹಾಳೆಯ ಆಲ್ಬಮ್‌ನಲ್ಲಿ ನಾನಿಟ್ಟಿದ್ದ ಆನೆ ಚಿತ್ರದ ಕಾಸೊಂದರ ಸೊಂಡಿಲಿನ ಸುತ್ತ ಆ ಹಾಳೆಯಿಂದಾಗಿ ಹಸಿರು ಅಂಟು ಕೂತಿರುವುದನ್ನು ಕಳೆದ ವಾರ ಕಂಡು ಬಹಳ ನೊಂದೆ. ಹಾಗಾಗಿ ನಿಮ್ಮ ಆಲ್ಬಮ್‌ಗಳನ್ನೂ ಇಂದೇ ಪರಿಶೀಲಿಸಿ, ಕಾಸುಗಳನ್ನು ಪಾಲಿಯೆಸ್ಟರ್ ಹಾಳೆಯ ಹೋಲ್ಡರ್‌ಗಳಿಗೆ ಬದಲಿಸಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಡಿ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ಬರುವವರು ಎಷ್ಟು ಕಾಸು ತರುವಿರೆಂದು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ, ಭೂತಗನ್ನಡಿಯಿದ್ದರೆ ಜೊತೆಗೆ ತನ್ನಿ.