ರವಿವಾರದ ಪೋಕರ್ ಕಲಿಕೆ: ಓದ್ಕೊಂಡು ಬರ್ರಿ

ಎಲ್ಲಾರಿಗೂ ನಮಸ್ಕಾರ್ರೀ. ಈ ರವಿವಾರ ಸಂಜಿ 4ಕ್ಕ ಹುಬ್ಬಳ್ಳಿ ಉಣಕಲ್ಲಿನ ನಮ್ಮನಿ ಮಾಳಿಗಿ ಮ್ಯಾಲ ಪೋಕರ್ ಅನ್ನೋ ಇಸ್ಪೀಟ್ ಆಟ ಕಲಿಸೋದೈತಿ, ಅದರಾಗ ಟೆಕ್ಸಾಸ್ ಹೋಲ್ಡೆಮ್ ಅನ್ನೋ ಬಗಿ. ಇದು ಹೊಸಬರಿಗೆ. ಧಾರವಾಡದವರು ಚಿಗರಿ ಬಸ್ಸಿಗೆ ಬಂದು ಉಣಕಲ್ ಕೆರಿ ಹತ್ರ ಇಳೀರಿ.

ಆಟ ಹಿಂಗ. ಪ್ರತಿಯೊಬ್ಬರಿಗೆ 2 ಎಲಿ ಮುಚ್ಚಿ ಕೊಡ್ತೀವಿ. ಆಮ್ಯಾಲ ನಡುವ ಮೊದಲ 3, ಮತ್ತ 1, ಕಡೀಗೆ 1 ತೆರಿತೀವಿ. ಈ 7ರಾಗ ಛಲೋ 5 ಹೊಂದಿಸೋದು. ಪ್ರತಿ ಸಲ ಎಲಿ ತೆರೆಯೋ ಮುಂದ ಒಂದು ಸುತ್ತು ಪಣ, ಕಡೀ ಎಲಿ ಬಂದ ಮ್ಯಾಲ ಇನ್ನೊಂದು. ಎಲಿ ಸರಿ ಇಲ್ಲಂದ್ರ ಇಳಿಸಿಬಿಡ್ರಿ, ಅದರಾಗ ನಾಚಿಕಿ ಏನಿಲ್ಲ.

ಎಲ್ಲಾರೂ ಎಡವೋದು ಒಂದ ಕಡೆ. ತೀನ್ ಪತ್ತಿಯೊಳಗ ಸೀಕ್ವೆನ್ಸು (ಸಾಲಾಗಿ ಬರೋ ಎಲಿ) ಕಲರ್‌ಗಿಂತ (ಒಂದ ಜಾತಿ ಎಲಿ) ದೊಡ್ಡದು. ಪೋಕರ್‌ನಾಗ ಉಲ್ಟಾ, ಒಂದ ಜಾತಿ ಎಲಿಯ ಫ್ಲಶ್ಶು ಸಾಲು ಎಲಿಯ ಸ್ಟ್ರೇಟನ್ನ ಸೋಲಿಸ್ತದ. ಯಾಕಂದ್ರ 5 ಎಲಿಯೊಳಗ ಸ್ಟ್ರೇಟ್ 10,200 ಥರ ಬರ್ತದ, ಫ್ಲಶ್ 5,108 ಥರ ಅಷ್ಟ. ಹೋದ ತಿಂಗಳ 5-6-7-8-9 ಹಿಡಕೊಂಡು ಗೆದ್ದೆ ಅಂತ ನಾನು ಪಣದ ಹುಣಸಿ ಬೀಜ ಬಳಕೊಳ್ಳಾಕ ಕೈ ಚಾಚಿದ್ದೆ, ಎದುರಿನವರು ಐದು ಕಳಾವರ ಇಟ್ರು. ಎಕ್ಕ ಮಾತ್ರ ಸ್ಟ್ರೇಟಿನಾಗ ರಾಜಾನ ಮ್ಯಾಲೂ ಕೂಡ್ತದ, 2ರ ಕೆಳಗೂ ಕೂಡ್ತದ.

ರೊಕ್ಕದ ಆಟ ಬಿಲ್‌ಕುಲ್ ಇಲ್ರೀ. ಪಣಕ್ಕ ಹುಣಸಿ ಬೀಜ, ತಲಾ 50. ಮನ್ಯಾಗ ಬೀಜ ಇದ್ದವರು ತರ್ರಿ. ಮೊಬೈಲ್ ಆ್ಯಪಿನ ಲಿಂಕ್ ಈ ಗುಂಪಿಗೆ ಯಾರೂ ಹಾಕಬ್ಯಾಡ್ರಿ, ಕೈ ಮುಗದು ಕೇಳ್ತೀನಿ.

ಒಂದು ಮೇಜಿಗೆ 8 ಮಂದಿ. ಬರೋರು ಶುಕ್ರವಾರ ರಾತ್ರಿಯೊಳಗ "ಬರ್ತೀನಿ" ಅಂತ ಇಲ್ಲೇ ಹಾಕ್ರಿ.