ಜೇಬಿಗೆ ಹಗುರವಾದ ಹತಾರ

ಉಡುಪಿ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಶುಭಾಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಮಂಗಳೂರಿನ ಆಸ್ಪತ್ರೆಗಳಲ್ಲಿ ಯಂತ್ರಗಳ ಸರ್ವೀಸ್ ಕೆಲಸಕ್ಕೆ ನೀನು ಸೇರಿದ್ದು ನನಗೂ ನಿನ್ನ ದೊಡ್ಡಮ್ಮನಿಗೂ ಹೇಳತೀರದ ಸಂತೋಷ ಕೊಟ್ಟಿದೆ. ಮೊದಲ ಸಂಬಳದಲ್ಲಿ ಒಂದು ಮಲ್ಟಿಟೂಲ್, ಅಂದರೆ ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿಕೊಳ್ಳುವ ಹತಾರ, ಕೊಳ್ಳುವ ಆಸೆಯಿದೆಯೆಂದು ಬರೆದು, ಮೆಚ್ಚಿದ್ದರ ಚಿತ್ರವನ್ನೂ ಕಳುಹಿಸಿ, ‘ದೊಡ್ಡಪ್ಪ, ಇದು ಆಗಬಹುದಾ?’ ಎಂದು ಕೇಳಿದ್ದೀ. ಮಲ್ಪೆಯ ಮೀನುಗಾರಿಕೆ ಬೋಟುಗಳಲ್ಲಿ ವಯರಿಂಗ್ ಕೆಲಸ ಮಾಡುತ್ತ ಮೂವತ್ತು ವರ್ಷ ಕಳೆದ ನನಗೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಮನಸ್ಸಾಗಲಿಲ್ಲ. ಬರೆದು ಕಳುಹಿಸಿದರೆ ಬೇಕಾದಾಗ ಮತ್ತೊಮ್ಮೆ ಓದಿಕೊಳ್ಳುವೆ ಎಂದು ಈ ಪತ್ರ.

ಚಿತ್ರದಲ್ಲಿರುವ ಲೆದರ್‌ಮನ್ ವೇವ್ ಒಳ್ಳೆಯ ವಸ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು 241 ಗ್ರಾಂ ತೂಗುತ್ತದೆ, ಅಂದರೆ ಹತ್ತಿರಹತ್ತಿರ ಕಾಲು ಕಿಲೋ. ಆ ಬಗೆಯ ಉಪಕರಣ ಯಾವ ಕೆಲಸಕ್ಕಾಗಿ ಹುಟ್ಟಿತು ಎಂಬುದನ್ನು ತಿಳಿದರೆ ಅದು ನಿನಗೆ ಬೇಕೇ ಬೇಡವೇ ಎಂದು ನಿರ್ಧರಿಸುವುದು ಸುಲಭ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯ ಜೊತೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ, ಪದೇಪದೇ ಕೆಡುತ್ತಿದ್ದ ಆ ಕಾರನ್ನು ಸರಿಪಡಿಸಲು ತನ್ನ ಜೇಬಿನ ಚಾಕುವಿನಲ್ಲಿ ಒಂದು ಇಕ್ಕಳವೂ ಇರಬಾರದಿತ್ತೇ ಎಂದುಕೊಂಡರು. ಆ ಯೋಚನೆ ಮಾರಾಟದ ವಸ್ತುವಾಗಿ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ದಾರಿಯಲ್ಲಿ ಕೆಟ್ಟು ನಿಲ್ಲುವ ಕಾರನ್ನು ನೆಚ್ಚಿಕೊಂಡವರಿಗೆ ಅದು ಸರಿಯಾದ ಜೊತೆಗಾರ. ನೀನು ಬಸ್ಸಿನಲ್ಲಿ ಹೋಗಿಬರುವವಳು, ದೊಡ್ಡ ಕೆಲಸಕ್ಕೆ ಕಂಪೆನಿ ಕೊಟ್ಟ ಟೂಲ್‌ಕಿಟ್ ಬ್ಯಾಗಿನಲ್ಲಿ ಇದ್ದೇ ಇದೆ. ಅದರೊಳಗಿನ ಇಕ್ಕಳವನ್ನು ಜೇಬಿನಲ್ಲಿ ಇನ್ನೊಮ್ಮೆ ಹೊತ್ತು ತಿರುಗುವುದರಿಂದ ಏನು ಬಂತು?

ನಾನು ಹೀಗೆ ಹೇಳುವುದಕ್ಕೆ ನನ್ನದೇ ಅನುಭವ ಕಾರಣ. ಗಲ್ಫಿನಿಂದ ಬಂದ ನೆಂಟರೊಬ್ಬರು ನನಗೂ ಅಂಥದೊಂದು ದೊಡ್ಡ ಹತಾರ ತಂದುಕೊಟ್ಟಿದ್ದರು. ಸೊಂಟದ ಬೆಲ್ಟಿಗೆ ಚೀಲ ಸಿಕ್ಕಿಸಿಕೊಂಡು ಎರಡು ತಿಂಗಳು ಹೆಮ್ಮೆಯಿಂದ ತಿರುಗಿದೆ. ಎಂಜಿನ್ ಕೋಣೆಗೆ ಇಳಿಯುವಾಗ, ಬೈಕಿನಲ್ಲಿ ಕೂರುವಾಗ ಅದು ಪಕ್ಕೆಗೆ ಒತ್ತುತ್ತಿದ್ದುದರಿಂದ ಮೂರನೆಯ ತಿಂಗಳು ಕಪಾಟಿನಲ್ಲಿ ಇಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ನಮ್ಮ ರಿಪೇರಿ ಕೆಲಸವೆಲ್ಲ ಜಡಿಮಳೆಯ ಆ ಎರಡು ತಿಂಗಳಲ್ಲೇ. ಒಂದು ಸಂಜೆ ಚುಕ್ಕಾಣಿ ಕೋಣೆಯಲ್ಲಿ ವಯರುಗಳನ್ನು ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕತ್ತರಿಸಬೇಕಿತ್ತು, ಅಷ್ಟೇ. ಪೆಟ್ಟಿಗೆ ದಡದ ಮೇಲೆ, ದೊಡ್ಡ ಹತಾರ ಮನೆಯ ಕಪಾಟಿನಲ್ಲಿ. ಆಗ ಬೋಟಿನ ಹುಡುಗನೊಬ್ಬ ಕೀ ಗೊಂಚಲಿನಿಂದ ಕಿರುಬೆರಳುದ್ದದ ಒಂದು ಪೀಶಕತ್ತಿ ಬಿಡಿಸಿ ಕೊಟ್ಟ. ಮರುವಾರವೇ ಅಂಥದ್ದೊಂದನ್ನು ಕೊಂಡೆ. ಆ ದಿನದಿಂದ ಇಂದಿನವರೆಗೆ ಅಂಥದ್ದೊಂದು ನನ್ನ ಜೇಬಿನಲ್ಲಿ ಇದ್ದೇ ಇದೆ.

ಹಗುರವಾದದ್ದನ್ನು ಬಯಸುವುದು ಹೊಸ ಶೋಕಿಯೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಮೊದಲು ತಯಾರಿಸಿದ್ದು ಸೈನಿಕರಿಗಾಗಿ, ಡಬ್ಬಿ ತೆರೆಯಲು ಮತ್ತು ಕೋವಿಯನ್ನು ಬಿಚ್ಚಲು ಆಗುವಂಥ ಗಟ್ಟಿ ಚಾಕುವನ್ನು. ಅದು ಭಾರವೆನಿಸಿದ್ದರಿಂದಲೇ ಅಧಿಕಾರಿಗಳಿಗೆಂದು ಹಗುರವಾದ ಇನ್ನೊಂದನ್ನು ರೂಪಿಸಿ 1897ರ ಜೂನ್ 12ರಂದು ನೋಂದಾಯಿಸಿದರು. ಜಗತ್ತೆಲ್ಲ ಇಂದು ಸ್ವಿಸ್ ಚಾಕು ಎಂದು ಗುರುತಿಸುವುದು ಆ ಹಗುರವಾದುದರ ಸಂತತಿಯನ್ನೇ.

ಕೊಳ್ಳುವ ಮುನ್ನ ಒಂದು ವಾರ ಸಣ್ಣ ಲೆಕ್ಕ ಬರೆದಿಡು. ಕೈಗೆ ಏನಾದರೂ ಹತಾರ ಬೇಕೆನಿಸಿದ ಪ್ರತಿಯೊಂದು ಗಳಿಗೆಯನ್ನೂ ಡೈರಿಯಲ್ಲಿ ಗುರುತು ಮಾಡು. ನಾನು ಕಳೆದ ವಾರ ಹಾಗೆ ಬರೆದು ನೋಡಿದೆ: ಕೊರಿಯರ್ ಪೆಟ್ಟಿಗೆಯ ಟೇಪು ಎರಡು ಸಲ, ಮಾತ್ರೆಯ ಸ್ಟ್ರಿಪ್ ಪ್ರತಿದಿನ, ದೊಡ್ಡಮ್ಮ ತಂದ ಮಲ್ಲಿಗೆಯ ಚೆಂಡಿನಿಂದ ತುಂಡು ಮಾಡಲು ಬಾಳೆನಾರು, ಕನ್ನಡಕದ ಸಡಿಲವಾದ ಸ್ಕ್ರೂ, ತೋಟದಲ್ಲಿ ಕಾಲಿಗೆ ಚುಚ್ಚಿದ ಮುಳ್ಳು. ಇಕ್ಕಳದ ಅಗತ್ಯ ಒಮ್ಮೆಯೂ ಬರಲಿಲ್ಲ. ನಿನ್ನ ಪಟ್ಟಿ ಬೇರೆಯಾಗಬಹುದು, ಆದರೆ ಅದರಲ್ಲಿ ಕತ್ತರಿಯೇ ಎಲ್ಲಕ್ಕಿಂತ ಹೆಚ್ಚು ಸಲ ಬಂದಿರುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದ್ದರಿಂದ ಮೊದಲು ಕತ್ತರಿಯನ್ನು ನೋಡು. ಅಂಗಡಿಗೆ ಹೋಗುವಾಗ ಒಂದು ತುಂಡು ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಮತ್ತು ಸ್ವಲ್ಪ ನೂಲು ಜೊತೆಗಿರಲಿ. ಕಾಗದವನ್ನು ಯಾವ ಕತ್ತರಿಯೂ ಕತ್ತರಿಸುತ್ತದೆ. ಸಡಿಲವಾದ ಗಾಜ್ ಬಟ್ಟೆಯನ್ನು ತುದಿಯಿಂದ ಕತ್ತರಿಸಲು ಹೋದಾಗ ಕಳಪೆ ಕತ್ತರಿಯ ಎರಡು ಅಲಗುಗಳ ನಡುವೆ ಬಟ್ಟೆ ಮಡಚಿ ಸಿಕ್ಕಿಕೊಳ್ಳುತ್ತದೆ. ಒಳ್ಳೆಯದರಲ್ಲಿ ಅಲಗುಗಳು ಬುಡದಿಂದ ತುದಿಯವರೆಗೂ ಒಂದನ್ನೊಂದು ಸವರಿಕೊಂಡೇ ಬರುತ್ತವೆ, ನೂಲು ಸದ್ದಿಲ್ಲದೆ ತುಂಡಾಗುತ್ತದೆ. ಬಿಟ್ಟಾಗ ತಾನಾಗಿ ತೆರೆದುಕೊಳ್ಳುವುದು ಒಳಗಿನ ಸ್ಪ್ರಿಂಗಿನಿಂದ. ಆ ಸ್ಪ್ರಿಂಗ್ ಮುರಿದರೆ ಬದಲಾಯಿಸಲು ಬರುತ್ತದೆಯೇ ಎಂದು ಕೇಳಿಕೋ.

ನನ್ನ ಮನಸ್ಸಿನಲ್ಲಿರುವ ಹೆಸರುಗಳನ್ನೂ ಹೇಳುತ್ತೇನೆ. ಆ ಎಲ್ಸೆನರ್ ಕಟ್ಟಿದ ಕಂಪೆನಿಯೇ ವಿಕ್ಟೋರಿನಾಕ್ಸ್. ಅವರ ಕ್ಲಾಸಿಕ್ ಮುಚ್ಚಿದಾಗ 58 ಮಿಲಿಮೀಟರ್ ಉದ್ದ, ತೂಕ 21 ಗ್ರಾಮಿನ ಆಸುಪಾಸು. ಹತ್ತು ರೂಪಾಯಿಯ ಮೂರು ನಾಣ್ಯಗಳನ್ನು ಕೈಯಲ್ಲಿ ಹಿಡಿದರೆ ಅದಕ್ಕಿಂತ ಹೆಚ್ಚು ತೂಗುತ್ತವೆ. ಸಣ್ಣ ಅಲಗು, ಕತ್ತರಿ, ಉಗುರಿನ ಅರ, ಚಿಮುಟ ಅದರಲ್ಲಿವೆ. ಅದೇ ಅಳತೆಯ ರ‍್ಯಾಂಬ್ಲರ್ ಸುಮಾರು 30 ಗ್ರಾಂ ತೂಗುತ್ತದೆ, ಅದರಲ್ಲಿ ಸ್ಟಾರ್ ಸ್ಕ್ರೂಡ್ರೈವರೂ ಸೇರಿದೆ. ನಿನ್ನ ಕೆಲಸಕ್ಕೆ ಇದೇ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಲೆದರ್‌ಮನ್ನಿನದೇ ಬೇಕೆಂದಿದ್ದರೆ ಮೈಕ್ರಾ ಎಂಬುದಿದೆ, 51 ಗ್ರಾಂ. ಅದರ ಕತ್ತರಿ ಇವೆಲ್ಲಕ್ಕಿಂತ ದೊಡ್ಡದು. ಇವುಗಳ ಸ್ಕ್ರೂಡ್ರೈವರ್ ರಿಮೋಟ್, ಪ್ಲಗ್‌ಗಳಂಥ ಸಣ್ಣ ಕೆಲಸಕ್ಕೆ ಮಾತ್ರ. ತುಕ್ಕು ಹಿಡಿದು ಕೂತ ಸ್ಕ್ರೂವಿಗೆ ಬಲ ಹಾಕಿದರೆ ಸ್ಕ್ರೂವಿನ ತಲೆಯೂ ಸವೆಯುತ್ತದೆ, ಹತಾರದ ಮೊನೆಯೂ ತಿರುಚಿಕೊಳ್ಳುತ್ತದೆ.

ಈಗ ಹೇಳುವುದನ್ನು ಗಮನವಿಟ್ಟು ಓದು. ಇಂಥ ಸಣ್ಣ ಹತಾರಗಳಲ್ಲಿ ಹೆಚ್ಚಿನವುಗಳ ಅಲಗಿಗೆ ಲಾಕ್ ಇರುವುದಿಲ್ಲ. ನನ್ನ ಬಲಗೈಯ ತೋರುಬೆರಳಿನ ಮೇಲೆ ಅಡ್ಡಕ್ಕೆ ಬಿಳಿಯ ಗೆರೆಯೊಂದನ್ನು ನೀನು ಚಿಕ್ಕವಳಿದ್ದಾಗ ಮುಟ್ಟಿಮುಟ್ಟಿ ನೋಡುತ್ತಿದ್ದೆಯಲ್ಲ, ಅದು ಒಂದು ರಬ್ಬರ್ ವಾಷರಿಗೆ ಅಲಗಿನ ಮೊನೆಯಿಂದ ತೂತು ಮಾಡಲು ಹೋದಾಗ ಆದದ್ದು. ಮೊನೆ ಸಿಕ್ಕಿಕೊಂಡಿತು, ನಾನು ಒತ್ತಿದೆ, ಅಲಗು ಮಡಚಿ ಬೆರಳಿನ ಮೇಲೆ ಬಂತು. ನಾಲ್ಕು ಹೊಲಿಗೆ ಬಿತ್ತು. ಲಾಕ್ ಇಲ್ಲದ ಅಲಗಿನಿಂದ ಎಳೆದು ಕೊಯ್ಯಬಹುದು, ಚುಚ್ಚಬಾರದು. ಹಾಗೆಯೇ, ಇವುಗಳ ಹಿಡಿಗೆ ಕರೆಂಟು ತಡೆಯುವ ಯಾವ ರಕ್ಷಣೆಯೂ ಇಲ್ಲವೆಂಬುದನ್ನು ಮರೆತು 230 ವೋಲ್ಟಿನ ಲೈನಿನ ಹತ್ತಿರ ಎಂದೂ ಒಯ್ಯಬೇಡ.

ಆಸ್ಪತ್ರೆಯ ಮಟ್ಟಿಗೆ ನನಗಿರುವ ದೊಡ್ಡ ಭಯ ಎಂಆರ್‌ಐ ಕೋಣೆಯದು. ನೀನು ಓದಿ ಬಂದವಳು, ನಾನು ಕಲಿಸಬೇಕಾಗಿಲ್ಲ. ಆದರೂ ದೊಡ್ಡಪ್ಪನ ಮನಸ್ಸು ಕೇಳುವುದಿಲ್ಲ. ಆ ಯಂತ್ರದ ಅಯಸ್ಕಾಂತ ಸ್ಕ್ಯಾನ್ ನಡೆಯದಿರುವಾಗಲೂ ಜಾಗೃತವಾಗಿಯೇ ಇರುತ್ತದೆ, 1.5 ಟೆಸ್ಲಾದ ಯಂತ್ರವೆಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಉಕ್ಕಿನ ಹತಾರವನ್ನು ಅದು ರಭಸದಿಂದ ಸೆಳೆದುಕೊಳ್ಳುತ್ತದೆ. ತೂಕವೇ ಗೊತ್ತಾಗದಷ್ಟು ಹಗುರವಾದ ಹತಾರಕ್ಕೆ ಇರುವ ಅಪಾಯವೂ ಅದೇ: ಅದು ಜೇಬಿನಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಕೀ ಗೊಂಚಲಿನಿಂದ ಥಟ್ಟನೆ ಕಳಚುವ ಕೊಕ್ಕೆಯೊಂದನ್ನು ಹಾಕಿಸಿಕೋ, ಆ ಬಾಗಿಲಿನ ಹೊರಗೆ ಕಳಚಿ ಇಟ್ಟು, ಜೇಬು ಮುಟ್ಟಿ ನೋಡಿ ಒಳಗೆ ಹೋಗು. ಬಜಪೆಯ ವಿಮಾನ ನಿಲ್ದಾಣಕ್ಕೆ ಹೋಗುವಾಗಲೂ ಆ ಕೊಕ್ಕೆ ಉಪಯೋಗಕ್ಕೆ ಬರುತ್ತದೆ. ಚಾಕುವನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಚೆಕ್-ಇನ್ ಮಾಡುವ ಸೂಟ್‌ಕೇಸಿಗೆ ಹಾಕಬೇಕು. ನನ್ನ ಮೊದಲ ಪೀಶಕತ್ತಿಯನ್ನು ಹಾಗೆ ಒಮ್ಮೆ ತಪಾಸಣೆಯ ಮೇಜಿನ ಮೇಲೆ ಬಿಟ್ಟುಬಂದ ಬೇಸರ ಇನ್ನೂ ಇದೆ.

ನಮ್ಮ ಕರಾವಳಿಯ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಕ್ಟೋರಿನಾಕ್ಸ್ ಹೆಸರಿನ ಕೊನೆಯ ‘ಇನಾಕ್ಸ್’ ತುಕ್ಕು ಹಿಡಿಯದ ಉಕ್ಕಿಗೆ ಫ್ರೆಂಚರು ಹೇಳುವ ಮಾತು, 1921ರಲ್ಲಿ ಸೇರಿಸಿದ್ದು. ಆದರೂ ತುಕ್ಕು ಹಿಡಿಯುವುದೇ ಇಲ್ಲವೆಂದು ನಂಬಿ ಕೂರಬೇಡ. ಅಂಥ ಉಕ್ಕಿನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಪೊರೆ ಕಟ್ಟಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಉಪ್ಪು ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಬೆವರಿನಲ್ಲಿಯೂ ಉಪ್ಪಿದೆ, ಕಡಲ ಗಾಳಿಯಲ್ಲಿಯೂ ಇದೆ. ಆಟಿಯ ಮಳೆಯಲ್ಲಿ ಒದ್ದೆ ಜೇಬಿನಲ್ಲಿ ಎರಡು ದಿನ ಉಳಿದರೆ ಕೀಲಿನ ಸಂದಿಯಲ್ಲಿ ಕಂದು ಚುಕ್ಕೆ ಕಾಣಿಸಿಕೊಳ್ಳುತ್ತದೆ. ವಾರಕ್ಕೊಮ್ಮೆ ಎಲ್ಲವನ್ನೂ ತೆರೆದು ಬೆಚ್ಚಗಿನ ಸಿಹಿನೀರಿನಲ್ಲಿ ಆಡಿಸಿ, ಬೈರಾಸಿನಿಂದ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಕೀಲಿಗೆ ಒಂದೇ ಒಂದು ತೊಟ್ಟು ಎಣ್ಣೆ ಬಿಡು. ಮನೆಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆಯೇ, ಆದರೆ ಅದು ದಿನ ಕಳೆದಂತೆ ಕನರು ವಾಸನೆ ಬಂದು, ಧೂಳು ಸೇರಿ ಅಂಟಾಗುತ್ತದೆ. ಹಣ್ಣು ಕೊಯ್ಯುವ ಅಲಗಾದ್ದರಿಂದ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಉತ್ತಮ. ಸಾಣೆ ಹಿಡಿಯುವವರ ತಿರುಗುವ ಚಕ್ರಕ್ಕೆ ಮಾತ್ರ ಕೊಡಬೇಡ. ಅಷ್ಟು ತೆಳುವಾದ ಅಲಗು ಕ್ಷಣದಲ್ಲಿ ಕಾದು, ಅಂಚು ನೀಲಿ ತಿರುಗಿ, ಉಕ್ಕಿನ ಹದವೇ ಹೋಗಿಬಿಡುತ್ತದೆ.

ನಕಲಿ ಮಾಲು ಬಹಳ ಬರುತ್ತದೆ. ದೊಡ್ಡ ಅಲಗಿನ ಬುಡದಲ್ಲಿ ತಯಾರಕರ ಹೆಸರು ಸ್ಪಷ್ಟವಾಗಿ ಒತ್ತಿರಬೇಕು. ಮುಚ್ಚಿ ಕಿವಿಯ ಹತ್ತಿರ ಅಲುಗಿಸಿದರೆ ಗಲಗಲ ಅನ್ನಬಾರದು. ಬೆಳಕಿಗೆ ಹಿಡಿದಾಗ ಅಲಗು ಪಕ್ಕದ ತಗಡಿಗೆ ತಾಗಿರಬಾರದು. ಉಗುರು ಮುರಿಯುವಷ್ಟು ಬಿಗಿಯಾಗಿದ್ದರೆ ಬೇರೊಂದನ್ನು ತೆಗೆಸಿ ನೋಡು, ಸಂಕೋಚ ಬೇಡ.

ವಾರದ ಲೆಕ್ಕ ಬರೆದು ಶನಿವಾರದೊಳಗೆ ನನಗೆ ಕಳುಹಿಸು. ಬರುವ ವಾರ ನಾನೇ ಮಂಗಳೂರಿಗೆ ಬರುವವನಿದ್ದೇನೆ, ಇಬ್ಬರೂ ಹಂಪನಕಟ್ಟೆಗೆ ಹೋಗಿ ನೋಡೋಣ. ಗಾಜ್ ಬಟ್ಟೆ ನೀನು ತಾ, ನೂಲು ನಾನು ತರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ